ಅಳದ ಕೂಸಿನ ದಪ್ಪ ನಾಲಿಗೆ: ದಾವಣಗೆರೆಯ ಒಂದು ಪ್ರಕರಣ ಅಧ್ಯಯನ

"ನಾಲಿಗೆ ಕಟ್ಟಿದೆ ಡಾಕ್ಟರಮ್ಮ, ಸ್ವಲ್ಪ ಕತ್ತರಿಸಿ ಬಿಡಿಸಿಕೊಡಿ" ಎಂದು ಅಜ್ಜಿ ಕೂಸನ್ನು ನನ್ನ ಮೇಜಿನ ಮೇಲೆ ಮಲಗಿಸಿದರು. 34 ದಿನದ ಹೆಣ್ಣು ಮಗು. ಜಗಳೂರು ತಾಲ್ಲೂಕಿನ ಒಂದು ಹಳ್ಳಿಯಿಂದ ಬೆಳಗಿನ ಮೊದಲ ಬಸ್ಸು ಹಿಡಿದು ದಾವಣಗೆರೆಗೆ ಬಂದಿದ್ದರು. ಕಿವಿಗೆ ಬಟ್ಟೆ ಕಟ್ಟಿಕೊಂಡ ಬಾಣಂತಿ ತಾಯಿ, ಮಾತು ನಡೆಸುತ್ತಿದ್ದ ಅಜ್ಜಿ, ಬಾಗಿಲ ಪಕ್ಕದಲ್ಲೇ ನಿಂತಿದ್ದ ಆಶಾ ಕಾರ್ಯಕರ್ತೆ. ಹೊದಿಕೆ ತೆಗೆದಾಗ ಮಗು ಕಣ್ಣು ತೆರೆಯಿತು, ಮತ್ತೆ ಮುಚ್ಚಿತು. ಅಳಲಿಲ್ಲ. ಎರಡು ತುಟಿಗಳ ನಡುವೆ ದಪ್ಪ ನಾಲಿಗೆಯ ತುದಿ ಹೊರಗೆ ಇಣುಕುತ್ತಿತ್ತು.

ಮನೆಯವರ ಒಪ್ಪಿಗೆ ಪಡೆದು ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ. ಮಕ್ಕಳ ವೈದ್ಯೆಯಾಗಿ ನಾನು ನೋಡಿದ ನಾಲಿಗೆಯ ತೊಂದರೆಗಳಲ್ಲಿ ಇದು ತೀರಾ ವಿರಳವಾದದ್ದೇನೂ ಅಲ್ಲ. ಆದರೆ ಕತ್ತರಿ ಕೇಳಿಕೊಂಡು ಬಂದ ಮನೆಯವರಿಗೆ ನಾನು ಕೊಟ್ಟು ಕಳಿಸಿದ್ದು ಒಂದು ಮಾತ್ರೆಯ ಡಬ್ಬಿ. ಆ ಎರಡರ ನಡುವಿನ ದಾರಿ ಆದಷ್ಟು ಜನರಿಗೆ ಗೊತ್ತಿರಬೇಕು ಎಂಬುದು ನನ್ನ ಆಸೆ.

ಅಜ್ಜಿಯ ಅನುಮಾನಕ್ಕೆ ಕಾರಣವಿತ್ತು. ಮಗುವಿನ ಸೋದರಮಾವನಿಗೆ ಚಿಕ್ಕಂದಿನಲ್ಲಿ ನಾಲಿಗೆ ಕಟ್ಟಿತ್ತಂತೆ, ಕತ್ತರಿಸಿದ ಮೇಲೆ ಮಾತು ಸರಿಹೋಯಿತಂತೆ. ಇಲ್ಲಿಗೆ ಬರುವ ಮೊದಲು ತೋರಿಸಿದ ಒಂದು ಕ್ಲಿನಿಕ್ಕಿನಲ್ಲಿಯೂ "ನಾಲಿಗೆ ಕಟ್ಟಿರಬಹುದು, ಮೂರು ತಿಂಗಳು ತುಂಬಲಿ, ನೋಡೋಣ" ಎಂದಿದ್ದರು. ಆ ಮೂರು ತಿಂಗಳು ಕಾಯದೆ ಇವರು ಹೊರಟು ಬಂದದ್ದು ಆಶಾ ಕಾರ್ಯಕರ್ತೆಯ ಒತ್ತಾಯಕ್ಕೆ.

ನಾಲಿಗೆಯ ಕೆಳಗೆ

ಮೊದಲು ಅಜ್ಜಿ ತೋರಿಸಿದ ಜಾಗವನ್ನೇ ನೋಡಿದೆ. ಕನ್ನಡಿಯ ಮುಂದೆ ನಾಲಿಗೆ ಮೇಲೆತ್ತಿದರೆ ಅದರ ಅಡಿಭಾಗವನ್ನು ಬಾಯಿಯ ತಳಕ್ಕೆ ಜೋಡಿಸುವ ತೆಳ್ಳನೆಯ ಪೊರೆ ಎಲ್ಲರಿಗೂ ಕಾಣುತ್ತದೆ. ಕೆಲವು ಮಕ್ಕಳಲ್ಲಿ ಹುಟ್ಟುವಾಗಲೇ ಈ ಪೊರೆ ಗಿಡ್ಡವಾಗಿ, ದಪ್ಪವಾಗಿ, ನಾಲಿಗೆಯ ತುದಿಯವರೆಗೂ ಅಂಟಿಕೊಂಡಿರುತ್ತದೆ. ಮಗು ನಾಲಿಗೆ ಚಾಚಿದಾಗ ತುದಿ ನಡುವೆ ಒಳಗೆ ಎಳೆದುಕೊಂಡು ಹೃದಯದ ಆಕಾರಕ್ಕೆ ಬರುತ್ತದೆ. ಇದೇ ನಾಲಿಗೆ ಕಟ್ಟು, ವೈದ್ಯರ ಮಾತಿನಲ್ಲಿ ಟಂಗ್ ಟೈ. ನೂರು ಕೂಸುಗಳಲ್ಲಿ ನಾಲ್ಕರಿಂದ ಹತ್ತು ಕೂಸುಗಳಲ್ಲಿ ಇದು ಕಾಣಿಸುತ್ತದೆ. ಅವುಗಳಲ್ಲಿ ಬಹುಪಾಲು ಮಕ್ಕಳು ಯಾವ ತೊಡಕೂ ಇಲ್ಲದೆ ಮೊಲೆ ಕುಡಿದು ಬೆಳೆಯುತ್ತವೆ. ಮಗುವಿಗೆ ಮೊಲೆಯನ್ನು ಸರಿಯಾಗಿ ಹಿಡಿಯಲು ಆಗದೆ, ತಾಯಿಯ ತೊಟ್ಟು ಒಡೆದು ಗಾಯವಾಗಿ, ಹಿಡಿಸುವ ಭಂಗಿ ತಿದ್ದಿದ ಮೇಲೂ ತೂಕ ಏರದಿದ್ದರೆ ಮಾತ್ರ ಕತ್ತರಿಸುವ ಮಾತು ಬರುತ್ತದೆ. ಕತ್ತರಿಸುವುದು ಒಂದೆರಡು ನಿಮಿಷದ ಕೆಲಸ. ಕತ್ತರಿಸಬೇಕೇ ಬೇಡವೇ ಎಂದು ತೀರ್ಮಾನಿಸಲು ಮಾತ್ರ ಮಗು ಹಾಲು ಕುಡಿಯುವುದನ್ನು ಪಕ್ಕದಲ್ಲಿ ಕುಳಿತು ಪೂರ್ತಿ ನೋಡಬೇಕು.

ಈ ಮಗುವಿನ ನಾಲಿಗೆಯಡಿಗೆ ಬೆರಳು ಹಾಕಿ ಸವರಿದೆ. ಪೊರೆ ತೆಳುವಾಗಿತ್ತು, ಸಡಿಲವಾಗಿತ್ತು. ನಾಲಿಗೆ ಎಲ್ಲಿಯೂ ಕಟ್ಟಿರಲಿಲ್ಲ. ಕಟ್ಟಿದ ನಾಲಿಗೆ ಹೊರಗೆ ಬರಲಾರದು. ಈ ನಾಲಿಗೆ ಬಾಯಲ್ಲಿ ಜಾಗ ಸಾಲದೆ ಹೊರಗೆ ಬಂದಿತ್ತು. ಇದನ್ನು ಅಜ್ಜಿಗೆ ಹೇಳಿದಾಗ ಅವರ ಮುಖ ಚಿಕ್ಕದಾಯಿತು. ಕತ್ತರಿಸಿದರೆ ಮುಗಿಯುವ ಕೆಲಸ ಎಂದುಕೊಂಡು ಬಂದವರಿಗೆ ಅದು ಸಮಾಧಾನದ ಸುದ್ದಿಯಾಗಿರಲಿಲ್ಲ.

ತಾಯಿಗೆ ಅಲ್ಲಿಯೇ ಹಾಲೂಡಿಸಲು ಹೇಳಿ ಇಪ್ಪತ್ತು ನಿಮಿಷ ಕುಳಿತೆ. ಮಗು ನಾಲ್ಕು ಸಲ ಚೀಪಿತು, ನಿಲ್ಲಿಸಿತು, ನಿದ್ದೆಗೆ ಜಾರಿತು. ಅಂಗಾಲು ತಟ್ಟಿದರೆ ಮತ್ತೆ ಎರಡು ಸಲ ಚೀಪಿತು. ತಾಯಿಯ ಎದೆಯಲ್ಲಿ ಹಾಲು ತುಂಬಿತ್ತು, ತೊಟ್ಟಿನಲ್ಲಿ ಗಾಯವಿರಲಿಲ್ಲ. ಮೊಲೆ ಹಿಡಿಯುವುದಕ್ಕಿಂತ ಎಚ್ಚರವಾಗಿರುವುದೇ ಈ ಕೂಸಿಗೆ ಕಷ್ಟವಾಗಿತ್ತು.

ಬಾಣಂತನದ ಮನೆಯ 34 ದಿನಗಳು

ಮನೆಯವರನ್ನು ಕೇಳುತ್ತಾ ಹೋದಂತೆ ಸಂಗತಿಗಳು ಒಂದೊಂದಾಗಿ ಬಂದವು. ಹೆರಿಗೆ ದಿನ ಮೀರಿ ಒಂಬತ್ತು ದಿನಕ್ಕೆ ಆಗಿತ್ತು. ಹುಟ್ಟಿದಾಗ ತೂಕ 3.7 ಕಿಲೋ, "ಗುಂಡು ಗುಂಡಾದ ಕೂಸು" ಎಂದು ಎಲ್ಲರೂ ಸಂಭ್ರಮಿಸಿದ್ದರು. ಮೂರನೆಯ ದಿನ ಮೈ ಹಳದಿಯಾಯಿತು. ಬೆಳಗಿನ ಎಳೆಬಿಸಿಲು ಕಾಯಿಸಿದರು. ಮೂರು ವಾರವಾದರೂ ಹಳದಿ ಪೂರ್ತಿ ಇಳಿದಿರಲಿಲ್ಲ, ಬಿಳಿ ಮೈಬಣ್ಣದ ಕೂಸಾದ್ದರಿಂದ ಹಾಗೆ ಕಾಣುತ್ತದೆ ಎಂದುಕೊಂಡರು. ನಾಲ್ಕೈದು ದಿನಕ್ಕೊಮ್ಮೆ ಮಲ. ಅದಕ್ಕೆ ಗ್ರೈಪ್ ವಾಟರ್ ಕೊಟ್ಟರು. ಹೊಕ್ಕಳು ಲಿಂಬೆಹಣ್ಣಿನಷ್ಟು ಉಬ್ಬಿತ್ತು, ಅದರ ಮೇಲೆ ನಾಣ್ಯವಿಟ್ಟು ಬಟ್ಟೆ ಸುತ್ತಿದ್ದರು. ಅಪರೂಪಕ್ಕೆ ಅತ್ತರೆ ಧ್ವನಿ ಗೊಗ್ಗರು. ಚಳಿಗಾಲವಲ್ಲದಿದ್ದರೂ ಕೈಕಾಲು ತಣ್ಣಗೆ. ನಾಲಿಗೆ ಚುರುಕಾಗಲಿ ಎಂದು ಪ್ರತಿದಿನ ಬಜೆ ತೇಯ್ದು ಜೇನುತುಪ್ಪದಲ್ಲಿ ಕಲಸಿ ನೆಕ್ಕಿಸುತ್ತಿದ್ದರು.

ಬಜೆಯ ವಿಷಯದಲ್ಲಿ ನಾನು ಯಾವ ಅಜ್ಜಿಯನ್ನೂ ಗದರುವುದಿಲ್ಲ. ಮೊಮ್ಮಗುವಿನ ಮಾತು ಸ್ಪಷ್ಟವಾಗಲಿ ಎಂಬ ಹಂಬಲ ಅದರ ಹಿಂದಿದೆ. ಆದರೆ ಬಿಡಿಸಿ ಹೇಳಲೇಬೇಕು: ಒಂದು ವರ್ಷ ತುಂಬುವವರೆಗೆ ಜೇನುತುಪ್ಪ ಹನಿಯಷ್ಟೂ ಬೇಡ. ಅದರಲ್ಲಿ ಇರಬಹುದಾದ ಬಾಟ್ಯುಲಿಸಂ ರೋಗಾಣುವಿನ ಬೀಜಗಳು ಕೂಸಿನ ಕರುಳಿನಲ್ಲಿ ಬೆಳೆದು ನರಗಳನ್ನು ನಿಷ್ಕ್ರಿಯಗೊಳಿಸುವ ವಿಷ ಉಂಟುಮಾಡಬಲ್ಲವು. ಬಜೆಯಲ್ಲಿರುವ ಅಸರೋನ್ ಎಂಬ ರಾಸಾಯನಿಕವೂ ಎಳೆಯ ಮೈಗೆ ಒಳ್ಳೆಯದಲ್ಲ. ಅಜ್ಜಿ ಕೇಳಿಸಿಕೊಂಡರು, "ನಮ್ಮ ಮಕ್ಕಳಿಗೆಲ್ಲ ಕೊಟ್ಟಿದ್ದೆವಲ್ಲ" ಎಂದರು, ಆದರೆ ನಿಲ್ಲಿಸಿದರು.

ಇಷ್ಟೆಲ್ಲ ಆದ ಮೇಲೆ ಬಾಗಿಲ ಬಳಿಯಿದ್ದ ಆಶಾ ಕಾರ್ಯಕರ್ತೆ ಮಾತಾಡಿದರು. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸುಗಳ ಮನೆಗೆ ಅವರು 3, 7, 14, 21, 28 ಮತ್ತು 42ನೆಯ ದಿನ ಹೋಗಿ ನೋಡಬೇಕು. "28ನೆಯ ದಿನ ತೂಕ ಮಾಡಲು ಜೋಲಿಯಲ್ಲಿ ಹಾಕಿ ಎತ್ತಿದೆ ಮೇಡಂ. ಯಾವ ಕೂಸಾದರೂ ಆಗ ಕಿರುಚುತ್ತದೆ. ಇದು ಸುಮ್ಮನೆ ತೂಗಾಡಿತು. ನನಗೆ ಭಯವಾಯಿತು" ಎಂದರು. ಮನೆಯಲ್ಲಿ ಎಲ್ಲರೂ "ಎಷ್ಟು ಜಾಣ ಕೂಸು, ಗಲಾಟೆಯೇ ಇಲ್ಲ, ರಾತ್ರಿಯೆಲ್ಲ ಮಲಗುತ್ತದೆ" ಎಂದು ಹೊಗಳುತ್ತಿದ್ದಾಗ ಆ ಮೌನವನ್ನು ರೋಗದ ಗುರುತೆಂದು ಹಿಡಿದವರು ಅವರೊಬ್ಬರೇ. ನನ್ನ ಪರೀಕ್ಷೆಗಳು ಮಾಡಿದ್ದು ಅವರ ಭಯಕ್ಕೆ ಹೆಸರು ಕೊಡುವ ಕೆಲಸವನ್ನಷ್ಟೇ.

ದಪ್ಪ ನಾಲಿಗೆಗೆ ಎಷ್ಟು ಕಾರಣ

ಹುಟ್ಟಿನಿಂದಲೇ ದಪ್ಪ ನಾಲಿಗೆಯಿರುವ ಮಗು ಬಂದಾಗ ಕೆಲವು ಕಾರಣಗಳು ಸಾಲಾಗಿ ಕಣ್ಣ ಮುಂದೆ ನಿಲ್ಲುತ್ತವೆ. ಬೆಕ್‌ವಿತ್-ವೀಡೆಮನ್ ಎಂಬ ಸ್ಥಿತಿಯಲ್ಲಿ ಮಗು ದೊಡ್ಡದಾಗಿ ಹುಟ್ಟುತ್ತದೆ, ಕಿವಿಯ ಹಾಲೆಯಲ್ಲಿ ಗೀರುಗಳಿರುತ್ತವೆ, ಹೊಕ್ಕಳ ಜಾಗದಲ್ಲಿ ಕರುಳು ಹೊರಚಾಚಿರಬಹುದು, ಹುಟ್ಟಿದ ಮೊದಲ ದಿನಗಳಲ್ಲಿ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ಮುಂದೆ ಮೂತ್ರಪಿಂಡ ಮತ್ತು ಯಕೃತ್ತಿನಲ್ಲಿ ಗಡ್ಡೆಯಾಗುವ ಸಾಧ್ಯತೆ ಇರುವುದರಿಂದ ಈ ಮಕ್ಕಳಿಗೆ ವರ್ಷಗಟ್ಟಲೆ ಹೊಟ್ಟೆಯ ಸ್ಕ್ಯಾನ್ ಮಾಡುತ್ತಿರಬೇಕು. ಡೌನ್ ಸಿಂಡ್ರೋಮ್ ಇರುವ ಮಗುವಿನಲ್ಲಿ ಬಾಯಿ ಚಿಕ್ಕದು, ಸ್ನಾಯುಗಳು ಸಡಿಲ. ಅದಕ್ಕಾಗಿ ನಾಲಿಗೆ ಹೊರಗೆ ಕಾಣುತ್ತದೆ. ದುಗ್ಧನಾಳಗಳ ಗಂಟಿನಿಂದ ಉಬ್ಬಿದ ನಾಲಿಗೆ ಒಂದು ಕಡೆ ಹೆಚ್ಚು ದಪ್ಪವಾಗಿ, ಮೇಲೆ ಸಾಬುದಾನಿಯಂಥ ಗುಳ್ಳೆಗಳನ್ನು ಹೊತ್ತಿರುತ್ತದೆ. ಪಾಂಪೆ ಕಾಯಿಲೆಯಲ್ಲಿ ನಾಲಿಗೆಯ ಜೊತೆಗೆ ಹೃದಯವೂ ದೊಡ್ಡದಾಗಿರುತ್ತದೆ. ದವಡೆ ತೀರಾ ಚಿಕ್ಕದಾಗಿದ್ದರೆ ನಾಲಿಗೆಯ ಗಾತ್ರ ಸರಿಯಿದ್ದರೂ ಅದು ಹಿಂದಕ್ಕೆ ಬಿದ್ದು ಉಸಿರು ಕಟ್ಟಿಸುತ್ತದೆ.

ಈ ಮಗುವಿನ ದವಡೆ ಸರಿಯಾಗಿತ್ತು. ಕಿವಿ, ಕಣ್ಣು, ಅಂಗೈ ರೇಖೆಗಳಲ್ಲಿ ವಿಶೇಷವೇನೂ ಇರಲಿಲ್ಲ. ಸಕ್ಕರೆ 72 ಮಿಲಿಗ್ರಾಂ. ನಾಲಿಗೆ ಎರಡೂ ಕಡೆ ಸಮನಾಗಿ ದಪ್ಪ, ನುಣುಪು. ಹೊಕ್ಕಳಿನದು ಕೈಯಿಟ್ಟರೆ ಒಳಗೆ ಸರಿಯುವ ಸಾಮಾನ್ಯ ಉಬ್ಬು.

ಮೈ ಉಷ್ಣತೆ 35.9 ಡಿಗ್ರಿ ಸೆಲ್ಸಿಯಸ್, ಇರಬೇಕಾದುದಕ್ಕಿಂತ ಕಡಿಮೆ. ಈ ವಯಸ್ಸಿನಲ್ಲಿ ನಿಮಿಷಕ್ಕೆ 120ರಿಂದ 160ರವರೆಗೆ ಇರಬೇಕಾದ ನಾಡಿ 96. ಚರ್ಮ ಒರಟು, ತೊಡೆಯ ಮೇಲೆ ಜಾಲರಿಯಂಥ ನೀಲಿ ಕಲೆ. ನೆತ್ತಿಯ ಮೆದು ಭಾಗ ಅಗಲವಾಗಿತ್ತು. ತಲೆಯ ಹಿಂಬದಿಯಲ್ಲಿ ಈ ಹೊತ್ತಿಗೆ ಬೆರಳಿಗೆ ಸಿಗಬಾರದ ಇನ್ನೊಂದು ಮೆದು ಭಾಗಕ್ಕೆ ನನ್ನ ಕಿರುಬೆರಳ ತುದಿ ಸಲೀಸಾಗಿ ಇಳಿಯಿತು. ತೂಕ 3.9 ಕಿಲೋ. ದಿನಕ್ಕೆ 20ರಿಂದ 30 ಗ್ರಾಂ ಏರಬೇಕಾದ ವಯಸ್ಸಿನಲ್ಲಿ ತಿಂಗಳಿಗೂ ಮಿಕ್ಕಿ ಏರಿದ್ದು 200 ಗ್ರಾಂ. ಅದರಲ್ಲಿಯೂ ಮೈ ಊತದ ಪಾಲೆಷ್ಟೋ.

ಉದ್ದವಾದ ಗರ್ಭ, ಬಿಡದ ಕಾಮಾಲೆ, ಮಲಬದ್ಧತೆ, ಉಬ್ಬಿದ ಹೊಕ್ಕಳು, ಗೊಗ್ಗರು ಅಳು, ತಣ್ಣನೆಯ ಮೈ, ಮುಚ್ಚದ ನೆತ್ತಿ, ದಪ್ಪ ನಾಲಿಗೆ. ಬಿಡಿಬಿಡಿಯಾಗಿ ನೋಡಿದರೆ ಒಂದೊಂದಕ್ಕೂ ಮನೆಯಲ್ಲೇ ಒಂದು ಸಮಜಾಯಿಷಿ ಸಿಗುತ್ತದೆ, ಸಿಕ್ಕಿತ್ತು ಕೂಡ. ಒಟ್ಟಿಗೆ ಇಟ್ಟರೆ ಅವು ತೋರಿಸುವುದು ಕತ್ತಿನ ಕಡೆಗೆ, ಥೈರಾಯ್ಡ್ ಗ್ರಂಥಿಯ ಕಡೆಗೆ.

ಅಂದೇ ರಕ್ತ ಕಳಿಸಿದೆ. ಸಂಜೆ ವರದಿ ಬಂತು. ಟಿಎಸ್‌ಎಚ್, ಅಂದರೆ ಥೈರಾಯ್ಡ್ ಸಾಕಷ್ಟು ಕೆಲಸ ಮಾಡದಿದ್ದಾಗ ಅದನ್ನು ಎಚ್ಚರಿಸಲು ಮಿದುಳಿನಡಿಯ ಪಿಟ್ಯುಟರಿ ಗ್ರಂಥಿ ಹೆಚ್ಚು ಹೆಚ್ಚು ಕಳಿಸುವ ಹಾರ್ಮೋನು, 100ಕ್ಕೂ ಮೇಲೆ. ಯಂತ್ರ ಅಳೆಯಬಲ್ಲ ಮಿತಿಯೇ ಅಷ್ಟು. ಥೈರಾಯ್ಡ್ ತಯಾರಿಸುವ ಥೈರಾಕ್ಸಿನ್ ಹಾರ್ಮೋನಿನ ಮುಕ್ತ ಭಾಗ 0.3, ಇರಬೇಕಾದುದರ ಅರ್ಧವೂ ಇಲ್ಲ. ಮಂಡಿಯ ಎಕ್ಸ್‌ರೇ ತೆಗೆಸಿದೆ. ದಿನ ತುಂಬಿ ಹುಟ್ಟಿದ ಮಗುವಿನಲ್ಲಿ ತೊಡೆಮೂಳೆಯ ಕೆಳತುದಿಯಲ್ಲಿ ಬಟಾಣಿಯಂಥ ಒಂದು ಮೂಳೆಕೇಂದ್ರ ಕಾಣಬೇಕು. ಕಾಣಲಿಲ್ಲ. ಅಂದರೆ ಕೊರತೆ ಹುಟ್ಟಿದ ಮೇಲೆ ಶುರುವಾದದ್ದಲ್ಲ, ಗರ್ಭದಲ್ಲಿಯೇ ಇತ್ತು. ಕತ್ತಿನ ಅಲ್ಟ್ರಾಸೌಂಡಿನಲ್ಲಿ ಗ್ರಂಥಿ ಇರಬೇಕಾದ ಜಾಗ ಖಾಲಿ.

ಹುಟ್ಟಿದ ಮನೆಯಲ್ಲೇ ಉಳಿದ ಗ್ರಂಥಿ

ಥೈರಾಯ್ಡ್ ಮೊಳೆಯುವುದು ಕತ್ತಿನಲ್ಲಲ್ಲ, ನಾಲಿಗೆಯ ಬುಡದಲ್ಲಿ. ಗರ್ಭ ಮೂರು ನಾಲ್ಕು ವಾರದ್ದಿರುವಾಗ ಅಲ್ಲಿ ಒಂದು ಮೊಗ್ಗು ಮೂಡಿ, ಮೆಲ್ಲಗೆ ಕೆಳಗೆ ಇಳಿಯುತ್ತಾ ಏಳನೆಯ ವಾರದ ಹೊತ್ತಿಗೆ ಗಂಟಲ ಮುಂದೆ ತನ್ನ ಜಾಗ ಸೇರುತ್ತದೆ. ಅದು ಹೊರಟ ಗುರುತಾಗಿ ನಾಲಿಗೆಯ ಹಿಂಭಾಗದಲ್ಲಿ ಒಂದು ಸಣ್ಣ ಕುಳಿ ನಮ್ಮೆಲ್ಲರಲ್ಲೂ ಉಳಿದಿದೆ. ಕೆಲವು ಕೂಸುಗಳಲ್ಲಿ ಆ ಮೊಗ್ಗು ಹೊರಡುವುದೇ ಇಲ್ಲ, ಅಥವಾ ಅರ್ಧ ದಾರಿಯಲ್ಲಿ ನಿಂತುಬಿಡುತ್ತದೆ. ಹಾಗೆ ನಿಂತ ಗ್ರಂಥಿ ಬಹುಮಟ್ಟಿಗೆ ಚಿಕ್ಕದು, ಮೈಗೆ ಬೇಕಾದಷ್ಟು ಹಾರ್ಮೋನು ತಯಾರಿಸಲು ಅದರಿಂದಾಗದು.

ಚಿಕಿತ್ಸೆ ಶುರು ಮಾಡಿದ ಐದನೆಯ ದಿನ ಮಗುವಿನ ತಂದೆ ಬೆಂಗಳೂರಿಗೆ ಕರೆದುಕೊಂಡು ಹೋಗಿ ಥೈರಾಯ್ಡ್ ಸ್ಕ್ಯಾನ್ ಮಾಡಿಸಿಕೊಂಡು ಬಂದರು. ಟೆಕ್ನೀಶಿಯಂ ಎಂಬ ವಿಕಿರಣ ವಸ್ತುವನ್ನು ಅತಿ ಸಣ್ಣ ಪ್ರಮಾಣದಲ್ಲಿ ಕೊಟ್ಟು, ಅದನ್ನು ಮೈಯ ಯಾವ ಭಾಗ ಹೀರುತ್ತದೆ ಎಂದು ನೋಡುವ ಪರೀಕ್ಷೆ ಅದು. ಚಿತ್ರದಲ್ಲಿ ಕತ್ತು ಕತ್ತಲು. ನಾಲಿಗೆಯ ಬುಡದಲ್ಲಿ ಒಂದು ಚುಕ್ಕೆ. ಗ್ರಂಥಿ ತಾನು ಹುಟ್ಟಿದ ಜಾಗದಲ್ಲೇ ಉಳಿದಿತ್ತು.

ನಾಲಿಗೆ ಇಡೀ ದಪ್ಪವಾಗಿದ್ದಕ್ಕೆ ಆ ಚುಕ್ಕೆಯಷ್ಟು ಗ್ರಂಥಿ ನೇರ ಕಾರಣವಲ್ಲ. ಥೈರಾಕ್ಸಿನ್ ಕಡಿಮೆಯಾದಾಗ ಅಂಗಾಂಶಗಳಲ್ಲಿ ಸಕ್ಕರೆಯ ಸರಪಳಿಯಂಥ ಅಣುಗಳು ಶೇಖರವಾಗಿ ನೀರನ್ನು ಎಳೆದು ಹಿಡಿದುಕೊಳ್ಳುತ್ತವೆ. ನಾಲಿಗೆ, ಕಣ್ಣರೆಪ್ಪೆ, ಗಂಟಲು ಎಲ್ಲವೂ ಊದಿಕೊಳ್ಳುತ್ತವೆ. ಧ್ವನಿ ಗೊಗ್ಗರಾಗುವುದೂ ಇದರಿಂದಲೇ.

ಮಗುವಿನ ಫೈಲಿನ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದೇನೆ: ಮುಂದೆ ಎಂದಾದರೂ ನಾಲಿಗೆಯ ಹಿಂಭಾಗದಲ್ಲಿ ಗಂಟು ಕಂಡರೆ, ಅದು ಈ ಮಗುವಿಗಿರುವ ಒಂದೇ ಥೈರಾಯ್ಡ್, ತಿಳಿಯದೆ ತೆಗೆಯಬಾರದು.

ಬೇರೆ ದಿನಗಳು, ಬೇರೆ ಮಗು

ಆ ಸಂಜೆ ನಾನು ಅಷ್ಟು ಅವಸರ ಮಾಡಿದ್ದೇಕೆ ಎಂದು ಹೇಳಬೇಕಾದರೆ ಹಳೆಯದೊಂದನ್ನು ನೆನೆಯಬೇಕು. ನಾನು ವೃತ್ತಿಗೆ ಬಂದ ಹೊಸತರಲ್ಲಿ ಚಳ್ಳಕೆರೆ ಕಡೆಯಿಂದ ಒಬ್ಬ ತಾಯಿ ಐದು ವರ್ಷದ ಮಗನನ್ನು ಸೊಂಟದ ಮೇಲೆ ಹೊತ್ತು ತಂದಿದ್ದರು. ಎರಡು ವರ್ಷದ ಮಗುವಿನಷ್ಟು ಎತ್ತರ, ಹೊರಚಾಚಿದ ನಾಲಿಗೆ, ಮಾತು ಎರಡೋ ಮೂರೋ. ಅದೇ ರಕ್ತಪರೀಕ್ಷೆ, ಅದೇ ಮಾತ್ರೆ. ಕೆಲವೇ ತಿಂಗಳಲ್ಲಿ ಅವನು ಬೆಳೆಯತೊಡಗಿದ, ನಡೆದ, ನಾಲಿಗೆ ಒಳಗೆ ಹೋಯಿತು. ಬುದ್ಧಿಯ ಬೆಳವಣಿಗೆ ಮಾತ್ರ ಕಳೆದುಹೋದ ಜಾಗಕ್ಕೆ ಹಿಂದಿರುಗಲಿಲ್ಲ. ಮೊದಲ ಎರಡು ಮೂರು ವರ್ಷ ಮಿದುಳು ಕಟ್ಟಿಕೊಳ್ಳುವ ಕಾಲ. ಆ ಕೆಲಸಕ್ಕೆ ಥೈರಾಕ್ಸಿನ್ ಬೇಕೇ ಬೇಕು. ಆಮೇಲೆ ಎಷ್ಟು ಕೊಟ್ಟರೂ ಆ ದಿನಗಳು ಮರಳಿ ಬರುವುದಿಲ್ಲ. "ಮೊದಲೇ ಬಂದಿದ್ದರೆ?" ಎಂದು ಆ ತಾಯಿ ಕೇಳಿದ ಪ್ರಶ್ನೆಗೆ ನಾನು ಪೂರ್ತಿ ಉತ್ತರ ಕೊಡಲಿಲ್ಲ. ಕೊಡುವ ಧೈರ್ಯವಾಗಲಿಲ್ಲ.

ಇದರಲ್ಲಿ ನೋವಿನ ಸಂಗತಿಯೆಂದರೆ, ಹುಟ್ಟಿದ ಮೂರನೆಯ ದಿನ ಹಿಮ್ಮಡಿಯಿಂದ ತೆಗೆದ ಕೆಲವು ಹನಿ ರಕ್ತದಲ್ಲಿ ಇದೆಲ್ಲ ಗೊತ್ತಾಗುತ್ತದೆ. ಕೆನಡಾದ ಕ್ವಿಬೆಕ್‌ನಲ್ಲಿ 1974ರಲ್ಲೇ ಹುಟ್ಟುವ ಮಕ್ಕಳಿಗೆ ಈ ತಪಾಸಣೆ ಆರಂಭವಾಗಿತ್ತು. ಭಾರತದಲ್ಲಿ ಸುಮಾರು ಸಾವಿರ ಹೆರಿಗೆಗೆ ಒಂದು ಮಗುವಿನಲ್ಲಿ ಈ ಕೊರತೆ ಕಂಡುಬಂದಿದೆ. ಆದರೂ ನಮ್ಮಲ್ಲಿ ಪ್ರತಿಯೊಂದು ಕೂಸಿಗೂ ಈ ಪರೀಕ್ಷೆ ಆಗುತ್ತಿಲ್ಲ. ಹುಟ್ಟಿದಾಗ ಲಕ್ಷಣ ನೋಡಿ ಹಿಡಿಯುತ್ತೇವೆ ಎಂದರೆ ಆಗದು. ತಾಯಿಯ ಥೈರಾಕ್ಸಿನ್ ಕರುಳಬಳ್ಳಿಯ ಮೂಲಕ ಸ್ವಲ್ಪ ಮಟ್ಟಿಗೆ ಮಗುವನ್ನು ಕಾಯುವುದರಿಂದ, ಈ ಕೊರತೆಯಿರುವ ಬಹುತೇಕ ಕೂಸುಗಳು ಮೊದಲ ವಾರದಲ್ಲಿ ಎಲ್ಲರಂತೆಯೇ ಕಾಣುತ್ತವೆ. ನಾಲಿಗೆ ದಪ್ಪವಾಗಿ ಕಣ್ಣಿಗೆ ಬೀಳುವ ಹೊತ್ತಿಗೆ ಅಮೂಲ್ಯ ದಿನಗಳು ಕಳೆದಿರುತ್ತವೆ. ನನ್ನ ಕ್ಲಿನಿಕ್ಕಿಗೆ ಬರುವ ಪ್ರತಿಯೊಬ್ಬ ಗರ್ಭಿಣಿಗೂ ಇದನ್ನು ಹೇಳುತ್ತೇನೆ. ಕೆಲವರಿಗೆ ಬೇಸರವಾಗುವಷ್ಟು ಸಲ ಹೇಳಿರಬಹುದು.

ಮಾತ್ರೆ, ಚಮಚ, ರಾಗಿ ಸರಿ

ವರದಿ ಬಂದ ಸಂಜೆಯೇ ಲೀವೋಥೈರಾಕ್ಸಿನ್, ಅಂದರೆ ಮಾತ್ರೆಯ ರೂಪದ ಥೈರಾಕ್ಸಿನ್, ಶುರು ಮಾಡಿದೆವು. ಸ್ಕ್ಯಾನಿಗಾಗಿ ಕಾಯಲಿಲ್ಲ, ಕಾಯಬಾರದು. ಕಿಲೋ ತೂಕಕ್ಕೆ ದಿನಕ್ಕೆ 10ರಿಂದ 15 ಮೈಕ್ರೋಗ್ರಾಂ ಲೆಕ್ಕ. ಈ ಮಗುವಿಗೆ 50 ಮೈಕ್ರೋಗ್ರಾಮಿನ ಒಂದು ಮಾತ್ರೆ. ಹೇಗೆ ಕೊಡಬೇಕೆಂದು ಕಲಿಸಲು ರೋಗ ವಿವರಿಸುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಅಜ್ಜಿ ಒಳಲೆಯಲ್ಲಿ ಕೊಡುತ್ತೇನೆ ಎಂದರು. ಒಳಲೆಯ ಮೂತಿಯಲ್ಲಿ ಪುಡಿ ಅಂಟಿ ಉಳಿಯುತ್ತದೆ ಎಂದು ಸ್ಟೀಲಿನ ಚಮಚ ಮಾಡಿಸಿದೆ. ಎರಡು ಚಮಚಗಳ ನಡುವೆ ಮಾತ್ರೆ ಪುಡಿ ಮಾಡಿ, ಕೆಲವು ಹನಿ ಎದೆಹಾಲಿನಲ್ಲಿ ಕಲಸಿ, ಕೆನ್ನೆಯ ಒಳಗೆ ಇಳಿಸಬೇಕು. ಚಮಚಕ್ಕೆ ಮತ್ತೆ ನಾಲ್ಕು ಹನಿ ಹಾಲು ಹಾಕಿ ಅದನ್ನೂ ಕುಡಿಸಬೇಕು. ಪ್ರತಿದಿನ ಒಂದೇ ಹೊತ್ತು. ಬೇಕಾದಷ್ಟು ಸಲಕ್ಕೆಂದು ಮೊದಲೇ ನೀರಿನಲ್ಲಿ ಕರಗಿಸಿ ಸೀಸೆಯಲ್ಲಿ ಇಡುವಂತಿಲ್ಲ. ದಿನದ ಮಾತ್ರೆಯ ಖರ್ಚು ಒಂದು ಲೋಟ ಚಹಾದ ಬೆಲೆಗಿಂತ ಕಡಿಮೆ ಎಂದಾಗ ತಂದೆ ಎರಡನೆಯ ಸಲ ಕೇಳಿ ಖಚಿತ ಮಾಡಿಕೊಂಡರು.

ತಾಯಿ ಅದುವರೆಗೆ ಹೆಚ್ಚು ಮಾತಾಡಿರಲಿಲ್ಲ. ಎದ್ದು ಹೊರಡುವಾಗ ಕೇಳಿದರು: "ನಾನು ಅಯೋಡಿನ್ ಉಪ್ಪು ತಿನ್ನಲಿಲ್ಲವೆಂದು ಹೀಗಾಯಿತೇ? ಸೋದರತ್ತೆಯ ಮಗನನ್ನು ಮದುವೆಯಾಗಿದ್ದಕ್ಕೆ ಆಯಿತೇ? ಮನೆಯಲ್ಲಿ ಹಾಗೆ ಆಡಿಕೊಳ್ಳುತ್ತಾರೆ." ಎರಡಕ್ಕೂ ಅಲ್ಲ ಎಂದೆ. ರಕ್ತಸಂಬಂಧದ ಮದುವೆಯಲ್ಲಿ ಹೆಚ್ಚಾಗಿ ಕಾಣುವ ಥೈರಾಯ್ಡ್ ಕೊರತೆ ಬೇರೆ ಬಗೆಯದು: ಗ್ರಂಥಿ ಜಾಗದಲ್ಲೇ ಇದ್ದು ಹಾರ್ಮೋನು ತಯಾರಿಸಲು ಬಾರದಿರುವುದು. ಗ್ರಂಥಿ ದಾರಿಯಲ್ಲಿ ನಿಂತುಹೋಗುವುದು ಬಹುಮಟ್ಟಿಗೆ ಮನೆತನದಲ್ಲಿ ಹರಿದು ಬರುವಂಥದ್ದಲ್ಲ, ಯಾರ ತಪ್ಪಿನಿಂದಲೂ ಆಗುವಂಥದ್ದಲ್ಲ. ಉಪ್ಪಿನ ಪ್ರಶ್ನೆ ಇಲ್ಲಿ ಬರುವುದೇ ಇಲ್ಲ. ಇದನ್ನು ತಾಯಿಗೆ ಹೇಳಿ, ಅಜ್ಜಿಯನ್ನು ಕರೆದು ಅವರೆದುರಿಗೆ ಇನ್ನೊಮ್ಮೆ ಹೇಳಿದೆ. ಸ್ಕ್ಯಾನಿನ ಚಿತ್ರ ಬಂದ ದಿನ ಮೂರನೆಯ ಸಲ ಹೇಳಿದೆ. ಕೆಲವು ಮಾತುಗಳನ್ನು ಇಡೀ ಮನೆ ಕೇಳಿಸಿಕೊಳ್ಳಬೇಕು.

ಎರಡು ವಾರದಲ್ಲಿ ಮಗು ಹಸಿವಿಗೆ ಅಳಲು ಕಲಿತಿತ್ತು. ಕಾಮಾಲೆ ಹೋಗಿತ್ತು, ಮಲ ಪ್ರತಿದಿನ. ಥೈರಾಕ್ಸಿನ್ ಮಟ್ಟ ಸರಿಯಾಗಿತ್ತು. ಐದನೆಯ ವಾರಕ್ಕೆ ಟಿಎಸ್‌ಎಚ್ ಸಹ ಇಳಿದು ಹಿಡಿತಕ್ಕೆ ಬಂತು. ನಾಲಿಗೆ ಬಾಯೊಳಗೆ ಪೂರ್ತಿ ಹೋಗಲು ಮೂರು ತಿಂಗಳಾದವು. "ರಾತ್ರಿಯೆಲ್ಲ ನಿದ್ದೆಗೆಡಿಸುತ್ತಾಳೆ" ಎಂದು ಅಜ್ಜಿ ಹೇಳಿದಾಗ ಆಶಾ ಕಾರ್ಯಕರ್ತೆ ನಕ್ಕ ನಗು ನನಗೆ ಇನ್ನೂ ನೆನಪಿದೆ.

ಎಂಟನೆಯ ತಿಂಗಳಲ್ಲಿ ಒಂದು ಹಿನ್ನಡೆ. ಟಿಎಸ್‌ಎಚ್ 19ಕ್ಕೆ ಏರಿತ್ತು. ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ ಎಂದು ತಾಯಿ ಕಣ್ಣೀರು ಹಾಕಿದರು. ಮಗುವಿನ ಬೆಳಗ್ಗೆಯನ್ನು ಗಂಟೆ ಗಂಟೆಗೂ ಹೇಳಿಸಿದೆ. ಆರು ತಿಂಗಳ ನಂತರ ಕಬ್ಬಿಣಾಂಶದ ಡ್ರಾಪ್ಸ್ ಶುರುವಾಗಿತ್ತು. ಮರೆಯಬಾರದೆಂದು ಮಾತ್ರೆ, ಡ್ರಾಪ್ಸ್ ಎರಡನ್ನೂ ಒಟ್ಟಿಗೆ ಕೊಟ್ಟು, ಬೆನ್ನಿಗೇ ರಾಗಿ ಸರಿ ತಿನ್ನಿಸುತ್ತಿದ್ದರು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಥೈರಾಕ್ಸಿನ್ನನ್ನು ಕರುಳಿನಲ್ಲೇ ಹಿಡಿದು ನಿಲ್ಲಿಸುತ್ತವೆ. ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳ. ಮಾತ್ರೆಯ ಡಬ್ಬಿ ದೇವರ ಗೂಡಿನಲ್ಲಿ, ಹಚ್ಚಿದ ದೀಪದ ಪಕ್ಕದಲ್ಲಿ ಇರುತ್ತಿತ್ತು ಎಂಬುದೂ ಆಗ ತಿಳಿಯಿತು. ಬಿಸಿ ತಗುಲಿದರೆ ಈ ಔಷಧ ಕಸುವು ಕಳೆದುಕೊಳ್ಳುತ್ತದೆ. ಮಾತ್ರೆ ನಸುಕಿನಲ್ಲಿ, ಅರ್ಧ ಗಂಟೆಯ ಮೇಲೆ ಸರಿ, ಡ್ರಾಪ್ಸ್ ಸಂಜೆ ಎಂದು ಬದಲಿಸಿದೆವು. ಡಬ್ಬಿ ಬಟ್ಟೆಯ ಬೀರುವಿಗೆ ಹೋಯಿತು. ಮಾತ್ರೆಯ ಪ್ರಮಾಣ ಹೆಚ್ಚಿಸದೆಯೇ ಆರು ವಾರದಲ್ಲಿ ಟಿಎಸ್‌ಎಚ್ 3ಕ್ಕೆ ಇಳಿಯಿತು. ಈ ತಪ್ಪು ನನ್ನದು. ಡ್ರಾಪ್ಸ್ ಬರೆದುಕೊಟ್ಟಾಗಲೇ ಹೇಳಬೇಕಿತ್ತು.

ಮಾತಿನ ಲೆಕ್ಕ

ಮಗು ಎರಡೂವರೆ ತಿಂಗಳಿಗೆ ನಕ್ಕಿತು, ಎಂಟು ತಿಂಗಳಿಗೆ ಕುಳಿತಿತು, ಹದಿನೈದನೆಯ ತಿಂಗಳಿಗೆ ಹೆಜ್ಜೆ ಇಟ್ಟಿತು. ಇವೆಲ್ಲ ತಕ್ಕ ಮಿತಿಯೊಳಗೇ. ಹುಟ್ಟಿನಿಂದ ಥೈರಾಯ್ಡ್ ಕೊರತೆಯಿರುವ ಮಕ್ಕಳಲ್ಲಿ ಕಿವಿ ಮಂದವಾಗುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಅದಕ್ಕಾಗಿ ಶ್ರವಣ ಪರೀಕ್ಷೆ ಮಾಡಿಸಿದೆವು, ಸರಿಯಾಗಿತ್ತು. ಎರಡು ವರ್ಷದ ಭೇಟಿಯಲ್ಲಿ ಅವಳಿಗಿದ್ದದ್ದು ಇಪ್ಪತ್ತರಷ್ಟು ಪದ, ಎರಡು ಪದ ಜೋಡಿಸುವುದು ಬಂದಿರಲಿಲ್ಲ. ಅದು ನಿಧಾನವೇ.

ಅಜ್ಜಿ ಆಗ ಮತ್ತೆ ಕೇಳಿದರು: "ಈಗಲಾದರೂ ನಾಲಿಗೆಯ ಕೆಳಗೆ ಸ್ವಲ್ಪ ಬಿಡಿಸಿದರೆ?" ಈ ಪ್ರಶ್ನೆಯನ್ನು ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ನಾಲಿಗೆಗೂ ಮಾತಿಗೂ ನಮ್ಮ ಭಾಷೆಯಲ್ಲಿ ಬೇರೆ ಬೇರೆ ಪದವೇ ಬೇಡವೆಂಬಷ್ಟು ನಂಟು; ಕೊಟ್ಟ ಮಾತು ತಪ್ಪಿದವನನ್ನು ನಾಲಿಗೆ ತಪ್ಪಿದ ಎನ್ನುತ್ತೇವೆ. ಕನ್ನಡ ನಾಲಿಗೆಯಿಂದ ಕೇಳುವ ಕೆಲಸವೂ ಕಡಿಮೆಯದಲ್ಲ. ಟ, ಡ, ಣ, ಳ ಹೇಳಬೇಕಾದರೆ ತುದಿ ಮೇಲೆ ಸುರುಳಿಯಾಗಿ ಅಂಗುಳ ಮುಟ್ಟಬೇಕು. ಅಜ್ಜಿಯ ಮುಂದೆ ಕನ್ನಡಿ ಹಿಡಿದು "ಕೋಳಿ" ಎನ್ನಲು ಹೇಳಿ ತೋರಿಸಿದೆ. ಆಮೇಲೆ ಮಗುವನ್ನು ನಗಿಸಿ, ಮೇಲ್ದುಟಿಗೆ ಸವರಿದ ಸಕ್ಕರೆಯನ್ನು ನೆಕ್ಕಲು ಬಿಟ್ಟೆ. ನಾಲಿಗೆಯ ತುದಿ ಮೇಲೆ ಹೋಯಿತು, ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು. "ನೋಡಿ, ಅವಳ ನಾಲಿಗೆಗೆ ಎಲ್ಲ ಬರುತ್ತದೆ. ಪದಗಳು ತಲೆಯಲ್ಲಿ ಕೂಡಿಕೊಳ್ಳಬೇಕು. ಅವಳೊಂದಿಗೆ ಹೆಚ್ಚು ಮಾತಾಡಿ, ಕಥೆ ಹೇಳಿ, ಮೊಬೈಲ್ ಕೊಡಬೇಡಿ" ಎಂದೆ. ಮಾತಿನ ಚಿಕಿತ್ಸಕರ ಬಳಿಗೂ ಕಳಿಸಿದೆ. ಅವರು ಹೇಳಿಕೊಟ್ಟ ಆಟಗಳನ್ನು ಮನೆಯಲ್ಲಿ ಬಿಡದೆ ಆಡಿಸಿದವರು ಅಜ್ಜಿ. ಬಜೆ ತೇಯುವ ಅಷ್ಟೇ ಶ್ರದ್ಧೆಯಿಂದ.

ಈಗ ಅವಳಿಗೆ ಮೂರು ವರ್ಷ ಎರಡು ತಿಂಗಳು. ಮೂರು ಪದದ ವಾಕ್ಯ ಹೇಳುತ್ತಾಳೆ. ಅಂಗನವಾಡಿಗೆ ಹೋಗುತ್ತಾಳೆ. "ಕೋಳಿ" ಇನ್ನೂ "ಕೋಲಿ"ಯೇ, ಈ ವಯಸ್ಸಿಗೆ ಅದು ಸಹಜ. 14 ದಿನದೊಳಗೆ ಶುರುವಾಗಬೇಕಾದ ಚಿಕಿತ್ಸೆ 34ನೆಯ ದಿನ ಶುರುವಾಗಿದೆ, ಮಂಡಿಯ ಮೂಳೆಕೇಂದ್ರವೂ ಮೂಡಿರಲಿಲ್ಲ. ಶಾಲೆಗೆ ಹೋದ ಮೇಲೆ ಲೆಕ್ಕದಲ್ಲೋ ಗಮನದಲ್ಲೋ ಸಣ್ಣ ತೊಡಕು ಕಾಣಬಹುದು ಎಂದು ತಂದೆತಾಯಿಗೆ ಮುಚ್ಚಿಡದೆ ಹೇಳಿದ್ದೇನೆ. ಗ್ರಂಥಿ ಜಾಗದಲ್ಲೇ ಇರುವ ಕೆಲವು ಮಕ್ಕಳಿಗೆ ಮೂರು ವರ್ಷವಾದಾಗ ಮಾತ್ರೆ ನಿಲ್ಲಿಸಿ ಪರೀಕ್ಷಿಸಿ ನೋಡುತ್ತೇವೆ. ಇವಳಿಗೆ ಆ ಮಾತಿಲ್ಲ, ಮಾತ್ರೆ ಜೀವನಪೂರ್ತಿ. ಮುಂದಿನ ರಕ್ತಪರೀಕ್ಷೆ ಮೂರು ತಿಂಗಳಿಗೆ.

ಕಳೆದ ಭೇಟಿಗೆ ತಾಯಿ ಏಳು ತಿಂಗಳ ಬಸುರಿಯಾಗಿ ಬಂದಿದ್ದರು. ಎರಡನೆಯ ಮಗುವಿಗೂ ಹೀಗಾಗುವ ಸಾಧ್ಯತೆ ತೀರಾ ಕಡಿಮೆ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ತಾಯಿ ಕಾರ್ಡನ್ನು ಮೇಜಿನ ಮೇಲಿಟ್ಟರು. ಅದರ ಮೇಲ್ಭಾಗದಲ್ಲಿ ತಮ್ಮದೇ ಅಕ್ಷರದಲ್ಲಿ ಬರೆದುಕೊಂಡಿದ್ದರು: "ಮೂರನೇ ದಿನ ಹಿಮ್ಮಡಿ ರಕ್ತ, ಟಿಎಸ್‌ಎಚ್."